ಗಂಟಣ್ಣನ ವಾರ

ನಮ್ಮ ಭಾವ, ಅಂದರೆ ನನ್ನಕ್ಕನ ಗಂಡ, ಪಾರ್ಸೆಲ್ ಕಚೇರಿಯಲ್ಲಿ ಕಟ್ಟು ಕಟ್ಟುವವರು. ಪೆಟ್ಟಿಗೆಗೆ ಕಾಗದ ಸುತ್ತಿ, ಹುರಿ ಎಳೆದು, ಮೇಲೊಂದು ಗಂಟು ಹಾಕಿ ಆಚೆ ತಳ್ಳುವುದು ಅವರ ಕೆಲಸ. ಆ ಗಂಟನ್ನು ಅವರ ಹೊರತು ಕೈಯಲ್ಲಿ ಬಿಚ್ಚಿದವರು ಯಾರೂ ಇಲ್ಲ. ಪಾರ್ಸೆಲ್ ತಲುಪಿದವರೆಲ್ಲ ಕತ್ತರಿ ಹುಡುಕಬೇಕು. ಇದನ್ನು ಜನ ದೂರು ಅಂತ ಹೇಳಿದರೆ ಭಾವ ಹೊಗಳಿಕೆ ಅಂತ ತಿಳಿದುಕೊಳ್ಳುತ್ತಾರೆ. ಕಚೇರಿಯಲ್ಲಿ ಅವರನ್ನು ಗಂಟಣ್ಣ ಅಂತ ಕರೆಯುತ್ತಾರೆ. ಗಂಟು ಹಾಕುವುದರಿಂದ ಬಂದ ಹೆಸರು ಅಂತ ಅವರ ನಂಬಿಕೆ. ಅವರ ಮುಖ ನೋಡಿದವರಿಗೆ ಬೇರೆ ಕಾರಣವೂ ಹೊಳೆಯುತ್ತದೆ.

ಒಂದೇ ಗೋಡೆಯ ಆಚೆ ನನ್ನ ಮನೆ. ಗೋಡೆ ತೆಳು, ಭಾವನ ಗಂಟಲು ದಪ್ಪ. ಹಾಗಾಗಿ ಅವರ ಕೈಯೇ ಅವರಿಗೆ ಕೈಕೊಟ್ಟ ಕಥೆ ಮೊದಲಿನಿಂದಲೂ ನನ್ನ ಕಿವಿಗೆ ಬೀಳುತ್ತಿತ್ತು.

ಶುರುವಾಗಿದ್ದು ಬೆಳಗಿನ ಹೊತ್ತು. ಎದ್ದ ಮೇಲೆ ಬಹಳ ಹೊತ್ತು ಬೆರಳು ಮಡಚಲು ಬರುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಲಾಗದೆ ಮೊದಲು ಗುಂಡಿಯನ್ನು ಬೈದರು, ಆಮೇಲೆ ಅಂಗಿಯನ್ನು, ಕೊನೆಗೆ ಅದನ್ನು ಹೊಲಿದವನ ವಂಶವನ್ನು. ಮಧ್ಯಾಹ್ನಕ್ಕೆ ಬೆರಳು ಸಡಿಲವಾದರೆ "ನೋಡು, ಏನೂ ಇಲ್ಲ" ಅಂತ ಅಕ್ಕನಿಗೆ ಫೋನು. ಎರಡೂ ಕೈಯ ಬೆರಳ ಬುಡಗಳು ಊದಿಕೊಂಡ ಮೇಲೆ ಸಲಹೆ ಕೊಡುವವರು ಸಾಲುಗಟ್ಟಿದರು. ಪಕ್ಕದ ಮೇಜಿನವರು ತಾಮ್ರದ ಬಳೆ ಹಾಕಿಸಿದರು. ಮೇಲಿನ ಮನೆಯವರು ಒಂದು ಎಣ್ಣೆ ಕೊಟ್ಟರು. ಅದರ ವಾಸನೆಗೆ ನೆಂಟರು ಬರುವುದು ಬಿಟ್ಟರು, ನೋವು ಬಿಡಲಿಲ್ಲ. ಟೊಮೆಟೊ ಬಿಡಿ ಅಂತ ಒಬ್ಬರು, ಆಲೂಗಡ್ಡೆ ಬಿಡಿ ಅಂತ ಇನ್ನೊಬ್ಬರು. ಕೂಗಾಡುವುದನ್ನು ಬಿಡಿ ಅಂತ ಮಾತ್ರ ಯಾರೂ ಹೇಳಲಿಲ್ಲ.

"ಡಾಕ್ಟರ ಹತ್ರ ಹೋಗಿ ಭಾವ," ಅಂದೆ ನಾನು.

"ವಯಸ್ಸಾದ್ಮೇಲೆ ಕೀಲು ನೋಯುತ್ತಮ್ಮ. ಅದಕ್ಕೆಲ್ಲ ಡಾಕ್ಟರಾ?"

"ಸರಿ, ವಯಸ್ಸಾಯ್ತು ಅಂತ ಒಪ್ಕೊಂಡ್ರಲ್ಲ."

ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಕೊನೆಗೆ ಅವರನ್ನು ಡಾಕ್ಟರ ಹತ್ತಿರ ಕಳಿಸಿದ್ದು ಒಂದು ಪಾರ್ಸೆಲ್. ಭಾವ ಕಟ್ಟಿದ ಪೆಟ್ಟಿಗೆಯೊಂದು ದಾರಿಯಲ್ಲಿ ತಾನಾಗಿಯೇ ಬಿಚ್ಚಿಕೊಂಡು ಒಳಗಿದ್ದ ಗಾಜಿನ ಸಾಮಾನೆಲ್ಲ ಚೂರಾಯಿತು. ಮೇಲ್ವಿಚಾರಕರು ಕರೆಸಿ ಹೇಳಿದರು: "ಗಂಟಣ್ಣ, ಈ ತಿಂಗಳು ನೋಡ್ತೀನಿ. ಕೈ ಸರಿಹೋಗ್ಲಿಲ್ಲ ಅಂದ್ರೆ ಮೇಜಿಗೆ ಪಟ್ಟಿ ಬಿಗಿಯೋ ಯಂತ್ರ ಬರುತ್ತೆ, ನೀವು ಕಿಟಕಿಗೆ ಕೂರ್ತೀರಿ." ಕಿಟಕಿ ಅಂದರೆ ಗಿರಾಕಿಗಳು ಬರುವ ಜಾಗ. ಅಲ್ಲಿ ನಗಬೇಕು. ಅವತ್ತು ಸಂಜೆ ಭಾವ ಮೆಟ್ಟಿಲ ಮೇಲೆ ಕೂತು ಒಂದು ತುಂಡು ಹುರಿ ಹಿಡಿದು ಗಂಟು ಹಾಕಲು ನೋಡುತ್ತಿದ್ದರು. ಹುರಿ ಜಾರಿ ಜಾರಿ ಬೀಳುತ್ತಿತ್ತು. ಅವರನ್ನು ಆಡಿಕೊಳ್ಳುವುದೇ ಕಸುಬಾಗಿದ್ದ ನಾನೂ ಅವತ್ತು ಬಗ್ಗಿ ಹುರಿ ಎತ್ತಿಕೊಟ್ಟೆ.

ಡಾಕ್ಟರಮ್ಮ ಬೆರಳನ್ನೆಲ್ಲ ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. "ಇದು ವಯಸ್ಸಿಗೆ ಸವೆಯೋ ಕೀಲುನೋವಲ್ಲ. ನಿಮ್ಮ ಮೈ ಕಾಯೋ ಶಕ್ತಿನೇ ದಾರಿ ತಪ್ಪಿ ನಿಮ್ಮ ಕೀಲಿನ ಮೇಲೆ ಬಿದ್ದಿದೆ. ಸುಮ್ನೆ ಬಿಟ್ರೆ ಬೆರಳು ಸೊಟ್ಟ ಆಗುತ್ತೆ. ಮಾತ್ರೆ ಕೊಡ್ತೀನಿ, ವಾರಕ್ಕೊಂದು. ಗುಣ ಕಾಣೋಕೆ ಎರಡು ಮೂರು ತಿಂಗಳು ಬೇಕು, ತಾಳ್ಮೆ ಇರ್ಲಿ. ಬೆಳಿಗ್ಗೆ ಬಿಸಿನೀರಲ್ಲಿ ಕೈ ಇಟ್ಕೊಳ್ಳಿ, ಬೆರಳಿಗೆ ವ್ಯಾಯಾಮ ಮಾಡಿ, ಆಗಾಗ ಬಂದು ರಕ್ತ ಪರೀಕ್ಷೆ ಮಾಡಿಸಿ." ಭಾವ ಎಲ್ಲಕ್ಕೂ ತಲೆಯಾಡಿಸಿದರು. ತಾಳ್ಮೆ ಅನ್ನುವ ಮಾತು ಬಂದಾಗ ಕಿಟಕಿಯಾಚೆ ನೋಡುತ್ತಿದ್ದರಂತೆ. ಇದು ಅಕ್ಕ ಹೇಳಿದ್ದು.

ಭಾನುವಾರ ಮೊದಲ ಮಾತ್ರೆ ನುಂಗಿದರು. ಮರುದಿನ ಬೆಳಿಗ್ಗೆ ಮತ್ತೆ ಕೈ ಚಾಚಿದರು.

"ಇವತ್ತಿಂದು ಕೊಡು."

"ವಾರಕ್ಕೊಂದು ಅಂದ್ರಲ್ರೀ," ಅಂದಳು ಅಕ್ಕ.

"ಇವತ್ತು ಯಾವ ವಾರ?"

"ಸೋಮವಾರ."

"ಅದೇ ಮತ್ತೆ! ಸೋಮವಾರ ಒಂದು ವಾರ, ಮಂಗಳವಾರ ಇನ್ನೊಂದು ವಾರ. ವಾರಕ್ಕೊಂದು ಅಂದ್ರೆ ದಿನಾ ಒಂದು. ಭಾಷೆ ಗೊತ್ತಿಲ್ದಿದ್ರೆ ಸುಮ್ನಿರು."

ನಾನು ಗೋಡೆಯ ಈಚೆಯಿಂದ ಬಾಯಿ ಬಡಿದುಕೊಂಡೆ: "ಭಾವಾ, ವಾರ ಅಂದ್ರೆ ಏಳು ದಿನ!" ಅವರು ರೇಡಿಯೋ ಜೋರು ಮಾಡಿದರು. ಅಕ್ಕ ಮಾತ್ರೆ ಡಬ್ಬಿ ಬಚ್ಚಿಡಲು ಹೋದಳು; ಅಷ್ಟರಲ್ಲಿ ಅದು ಅವರ ಜೇಬು ಸೇರಿತ್ತು. ತಿಂಗಳು ಮುಗಿಯುವುದರೊಳಗೆ ಮೇಜು ಉಳಿಸಿಕೊಳ್ಳಬೇಕಿತ್ತಲ್ಲ. ಮೂರು ತಿಂಗಳ ಗುಣವನ್ನು ಒಂದೇ ತಿಂಗಳಲ್ಲಿ ನುಂಗಿಬಿಡುವ ಲೆಕ್ಕಾಚಾರ. ವ್ಯಾಕರಣ ಬರೀ ನೆಪ.

ಶನಿವಾರ ಆ ಮನೆಯಲ್ಲಿ ಸದ್ದೇ ಇರಲಿಲ್ಲ. ನನಗೆ ಹೆದರಿಕೆಯಾಗಿ ಓಡಿಹೋದೆ. ಭಾವನ ಬಾಯಿ ತುಂಬ ಹುಣ್ಣು. ಮೈ ಸುಡುತ್ತಿತ್ತು. ನೀರು ಕೂಡ ಇಳಿಯುತ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ರಕ್ತದ ಕಣಗಳು ಕುಸಿದಿವೆ ಅಂದರು ಡಾಕ್ಟರಮ್ಮ, ಜೇಬಿನಲ್ಲಿದ್ದ ಡಬ್ಬಿ ನೋಡಿದ ಮೇಲಂತೂ ಭಾವನ ನೀರಿಳಿಸಿಬಿಟ್ಟರು. "ಇನ್ನೊಂದು ವಾರ ಹೀಗೇ ತಗೊಂಡಿದ್ರೆ ಕೈ ಇರ್ತಿತ್ತು, ನೀವು ಇರ್ತಿರ್ಲಿಲ್ಲ!" ಭಾವ ಆ ಹುಣ್ಣು ಬಾಯಲ್ಲೇ ಸೋಮವಾರ ಮಂಗಳವಾರ ಅಂತ ಏನೋ ತೊದಲಿದರು. "ನಿಮ್ಮ ವ್ಯಾಕರಣ ನಿಮ್ಮ ರಕ್ತಕ್ಕೆ ಗೊತ್ತಿಲ್ಲ," ಅಂದರು ಡಾಕ್ಟರಮ್ಮ. ಆಮೇಲೆ ಸ್ವಲ್ಪ ತಣ್ಣಗಾಗಿ, ತಾವೂ ಬಿಡಿಸಿ ಬರೆಯಬೇಕಿತ್ತು ಅಂತ ಒಪ್ಪಿಕೊಂಡು, ಹೊಸ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದರು: ರಕ್ತ ಸುಧಾರಿಸಿ ನಾನು ಹೇಳಿದ ಮೇಲೆ, ಮಾತ್ರೆ ಭಾನುವಾರ ಮಾತ್ರ.

ಹೊರಗಿನ ಬೆಂಚಿನ ಮೇಲೆ ಅಕ್ಕ ಅಳುತ್ತ ಕೂತಿದ್ದಳು. "ಒಂದ್ಸಲ, ಒಂದೇ ಒಂದ್ಸಲ ನನ್ನ ಮಾತು ಕೇಳಿದ್ರೆ ಇವ್ರ ಗಂಟೇನು ಹೋಗ್ತಿತ್ತೇ?" ಅಂದಳು. ಒಳಗೆ ಹೋಗಿ ಭಾವನಿಗೆ ಎರಡು ಬಾರಿಸಿಬರಬೇಕು ಅನ್ನುವಷ್ಟು ಸಿಟ್ಟು ಬಂತು ನನಗೆ.

ಮನೆಗೆ ಬಂದ ಮೇಲೆ, ಮತ್ತೆ ಮಾತ್ರೆ ಶುರುಮಾಡಬಹುದು ಅಂತ ಡಾಕ್ಟರಮ್ಮ ಹೇಳಿದಾಗ, ಅಕ್ಕ ಒಂದು ತಗಡಿನ ಡಬ್ಬಿಗೆ ಅದನ್ನು ಹಾಕಿ, ಸುತ್ತ ಹುರಿ ಎಳೆದು, ಮೇಲೊಂದು ಗಂಟು ಹಾಕಿದಳು. ಭಾವನದೇ ಗಂಟು.

"ಇದ್ಯಾವಾಗ ಕಲಿತೆ?" ಅಂತ ಬೆಪ್ಪಾದರು ಅವರು.

"ಇಷ್ಟು ವರ್ಷ ಮನೇಲಿ ನಿಮ್ಮ ಪ್ರದರ್ಶನ ನೋಡಿದ್ದು ಸುಮ್ನೇನಾ?"

ಬಿಚ್ಚುವುದನ್ನೂ ಅವಳು ನೋಡಿಯೇ ಕಲಿತಿದ್ದಳು. ಅವಳು ಹೊರಗೆ ಹೋದಾಗ ಭಾವ ಡಬ್ಬಿಯ ಜೊತೆ ಒದ್ದಾಡುವ ಸದ್ದು ನನಗೆ ಕೇಳಿಸುತ್ತಿತ್ತು. ಆ ಬೆರಳಿಗೆ ಆ ಗಂಟು ಎಲ್ಲಿ ಜಗ್ಗೀತು? ಕತ್ತರಿಯನ್ನು ಅಕ್ಕ ನನ್ನ ಮನೆಯಲ್ಲಿ ಬಚ್ಚಿಟ್ಟಿದ್ದಳು. ಅಲ್ಲೇ ಇದ್ದಿದ್ದರೂ ಭಾವ ಮುಟ್ಟುತ್ತಿರಲಿಲ್ಲ ಅನ್ನಿ. ತನ್ನ ಗಂಟನ್ನು ತಾನೇ ಕತ್ತರಿಸಿದ ಅಂತ ಯಾರಾದರೂ ಅಂದರೆ ಆ ಮನುಷ್ಯ ತಲೆ ಎತ್ತಿ ಓಡಾಡುವ ಹಾಗಿರಲಿಲ್ಲ.

ತಿಂಗಳು ಮುಗಿಯಿತು, ಮೇಜಿಗೆ ಯಂತ್ರ ಬಂತು, ಭಾವ ಕಿಟಕಿಗೆ ಹೋದರು. ಅವರು ನಕ್ಕಿದ್ದನ್ನು ನೋಡಿ ಹಲ್ಲುನೋವಾ ಅಂತ ಗಿರಾಕಿಯೊಬ್ಬರು ಕೇಳಿದರಂತೆ. ಬೆಳಿಗ್ಗೆ ಗೊಣಗುತ್ತ ಬಿಸಿನೀರಲ್ಲಿ ಕೈ ಇಡುವುದು, ಗೊಣಗುತ್ತ ಬೆರಳು ಮಡಚಿ ಬಿಡಿಸುವುದು, ಭಾನುವಾರ ಗೊಣಗದೆ ಮಾತ್ರೆ ನುಂಗುವುದು. ಹೀಗೇ ನಡೆಯಿತು. ಊತ ಇಳಿಯತೊಡಗಿತು.

ಒಂದು ಬುಧವಾರ ಗೋಡೆಯಾಚೆ ಭಾವ ಕಿರುಚಿದರು. ನಾನು ಓಡಿಹೋಗಿ ನೋಡಿದರೆ ಹುರಿ ನೆಲದ ಮೇಲೆ ಬಿದ್ದಿತ್ತು, ಡಬ್ಬಿ ತೆರೆದಿತ್ತು. ಮಾತ್ರೆ ಎಣಿಸಲು ಡಬ್ಬಿಗೆ ಕೈ ಹಾಕಿದೆ. ಆದರೆ ಅವರು ಮಾತ್ರೆ ಕಡೆ ನೋಡುತ್ತಲೇ ಇರಲಿಲ್ಲ, ಕಣ್ಣೆಲ್ಲ ಬೆರಳ ಮೇಲಿತ್ತು. "ನಾನೇ ಬಿಚ್ಚಿದ್ನಮ್ಮ," ಅಂದರು. "ನಾಳೆ ಹೋಗಿ ಮೇಜು ವಾಪಸ್ ಕೇಳ್ತೀನಿ." ಕಣ್ಣಲ್ಲಿ ನೀರಿತ್ತು. ಡಬ್ಬಿ ಮುಚ್ಚಿ, ಮತ್ತೆ ಹುರಿ ಸುತ್ತಿ, ತಾವೇ ಗಂಟು ಬಿಗಿದರು.

ಭಾನುವಾರ ನಾನೂ ಅಲ್ಲೇ ಇದ್ದೆ. ಅಕ್ಕ ಎಷ್ಟು ಹೆಣಗಿದರೂ ಭಾವ ಬಿಗಿದ ಗಂಟು ಬಿಚ್ಚಿಕೊಳ್ಳಲಿಲ್ಲ. ಭಾವನ ಎದೆ ಉಬ್ಬಿತು.

"ಕೊಡಿಲ್ಲಿ. ಇನ್ಮೇಲೆ ವಾರಕ್ಕೊಂದ್ಸಲ ನಾನೇ ಬಿಚ್ತೀನಿ."

ಅಕ್ಕ ಡಬ್ಬಿ ಕೊಡಲಿಲ್ಲ. "ವಾರ ಅಂದ್ರೆ ಎಷ್ಟು ದಿನ?" ಅಂದಳು.

ಭಾವ ರೇಡಿಯೋ ಕಡೆ ನೋಡಿದರು. ಅದರ ಮುಂದೆ ನಾನು ಕೂತಿದ್ದೆ.

"ಏಳು," ಅಂದರು ಮೆಲ್ಲಗೆ.

"ಗೋಡೆಯಾಚೆಗೂ ಕೇಳ್ಲಿ," ಅಂದಳು ಅಕ್ಕ.

"ಏಳು ಕಣೇ, ಏಳು!"

ಆಮೇಲೆ ಕೊಟ್ಟಳು.