ಲವೈನಕ್ಕ ಗಂಟಲು ಸರಿಮಾಡಿದ ಮೇಲೆಯೇ ಊಟ

ನೋಡಿ ಸ್ವಾಮಿ, ನಾನು ಒಂದು ಸಲ ಗಂಟಲು ಸರಿಮಾಡಿದರೆ ಊಟದ ಮೇಜಿನ ಜನರೆಲ್ಲ ಒಟ್ಟಿಗೆ ಚಮಚ ಎತ್ತುತ್ತಾರೆ. ಮಾಡದಿದ್ದರೆ ಸೂಪು ತಣ್ಣಗಾದರೂ ಯಾರೂ ಮುಟ್ಟುವುದಿಲ್ಲ. ಪಂಚಿಂಗ್ ಡೈಲಾಗೇ ಇಲ್ಲದೆ, ಬರೀ ಒಂದು 'ಹ್ಞೂಂ'ನಲ್ಲಿ ಇಡೀ ಚೀಸ್ ಕಾರ್ಖಾನೆ ಆಳುವ ಹೀರೋ ಒಹಾಯೋದಲ್ಲಿ ಇನ್ನೊಬ್ಬನಿದ್ದರೆ ತೋರಿಸಿ. ಲವೈನಕ್ಕ ದನಿ ಕಳೆದುಕೊಂಡು ಬಂದ ದಿನ ಆ ಮೇಜಿನ ಮಾನ ಉಳಿಸಿದವನೂ ನಾನೇ.

ಆದರೆ ಈ ಲೇಖನ ಅವರ ಕುರಿತದ್ದು.

ಇನ್ನೂ ಬೆಳಕು ಹರಿದಿಲ್ಲ. ನೆಲಮಾಳಿಗೆಯ ತಂಪು ಕೋಣೆಯಲ್ಲಿ ಲವೈನಾ ಟ್ರಾಯರ್ ಚೀಸಿನ ದೊಡ್ಡ ಚಕ್ರಗಳನ್ನು ಒಂದೊಂದಾಗಿ ಮಗುಚುತ್ತಿದ್ದಾರೆ. ಬಿಳಿ ಪ್ರಾರ್ಥನಾ ಟೋಪಿಯ ಮೇಲೆ ಕಾರ್ಖಾನೆಯ ಬಲೆಟೋಪಿ. ಉಪ್ಪುನೀರಿಗೆ ಬಿರಿದ ಬೆರಳುಗಳು. ಒಂದೊಂದು ಚಕ್ರ ತಿರುಗಿದಾಗಲೂ ತುಟಿ ಅಲುಗುತ್ತದೆ. ಎಣಿಸುತ್ತಿದ್ದಾರೆ ಎಂದು ಹೊಸಬರು ತಿಳಿಯುತ್ತಾರೆ. ಅವು ಹೆಸರುಗಳು. ಚಕ್ರಕ್ಕೊಬ್ಬರಂತೆ ದೇವರ ಮುಂದೆ ಇಡುತ್ತಾರೆ: ಹೆರಿಗೆಗೆ ಹೋದವಳು, ಕುಡಿತ ಬಿಡಲಾರದ ನೆರೆಯವನು, ಮೇಲ್ವಿಚಾರಕ ಡೆಲ್ಬರ್ಟ್. ದಿನಕ್ಕೆ ಮುನ್ನೂರು ಚಕ್ರ ಮಗುಚಬೇಕು, ಊರು ಚಿಕ್ಕದು. ನನ್ನ ಹೆಸರು ಎರಡು ಸಲ ಬರುತ್ತದೆ.

"ನಿಂಗೆ ಒಂದ್ಸಲ ಸಾಲಲ್ಲ ಕಣೋ ಮರ್ಲಿನ್," ಎನ್ನುತ್ತಾರೆ. ಈಗ ಅವರಿಗೆ ಉಳಿದಿರುವುದು ಪಿಸುದನಿ ಮಾತ್ರ.

ಗಂಡ ಆಲ್ವಿನ್ ಊರವರೆಲ್ಲ ಸೇರಿ ಕೊಟ್ಟಿಗೆ ಕಟ್ಟುವಾಗ ತೊಲೆಯಿಂದ ಬಿದ್ದು ತೀರಿಕೊಂಡರು. ಮೂರು ಹೆಣ್ಣುಮಕ್ಕಳನ್ನು ಸಾಕಲು ಲವೈನಕ್ಕ ಈ ನೆಲಮಾಳಿಗೆಗೆ ಇಳಿದರು. ದೇವರ ಮೇಲೆ ಸಿಟ್ಟು ಬರಲಿಲ್ಲವೇ ಎಂದು ಕೇಳುತ್ತೇನೆ.

"ಬಂತಪ್ಪ. ಇಲ್ಲೇ ನಿಂತ್ಕೊಂಡು ಬೈದೆ. ಅವನನ್ನೂ ಬಿಟ್ಬಿಟ್ರೆ ಯಾರ ಹತ್ರ ಜಗಳ ಆಡ್ಲಿ?" ಚಕ್ರ ತಿರುಗುತ್ತದೆ. "ಉಪ್ಪು ಹೊರಗಿಂದ ನಡುವಿಗೆ ಇಳಿಯೋಕೆ ತಿಂಗಳುಗಟ್ಲೆ ಬೇಕು. ದೇವರೂ ಹಂಗೇ. ಭಾನುವಾರ ಮಾತ್ರ ಉಜ್ಜಿಕೊಂಡ್ರೆ ಸಿಪ್ಪೆ ಉಪ್ಪಾಗುತ್ತೆ, ಅಷ್ಟೇ. ದಿನಾ ಮಗುಚ್ತಾ ಇರ್ಬೇಕು."

ನಮ್ಮ ಮೆನೊನೈಟ್ ಪಂಥದ ಕ್ರೈಸ್ತ ಮನೆಗಳಲ್ಲಿ ಊಟದ ಪ್ರಾರ್ಥನೆಗೆ ಮಾತಿಲ್ಲ, ಆಮೆನ್ ಕೂಡ ಇಲ್ಲ. ಎಲ್ಲರೂ ಸುಮ್ಮನೆ ತಲೆ ಬಾಗಿಸುತ್ತಾರೆ. ಹಿರಿಯರು ಗಂಟಲು ಸರಿಮಾಡಿದಾಗ ತಲೆ ಎತ್ತುತ್ತಾರೆ. ಕಾರ್ಖಾನೆಯ ಮೇಜಿಗೆ ಹಿರಿಯರು ಲವೈನಕ್ಕ. ನಂಬುವವರೂ ನಂಬದವರೂ ಅವರ 'ಹ್ಞೂಂ'ಗೆ ಕಾಯುತ್ತಿದ್ದರು.

ಕಳೆದ ಚಳಿಗಾಲದಲ್ಲಿ ನಾನು ಅದರ ನಕಲು ಹೊಡೆದೆ. ಪಕ್ಕಾ ಡಬ್ಬಿಂಗ್. ಎಲ್ಲರೂ ಚಮಚ ಎತ್ತಿದರು. ಡೆಲ್ಬರ್ಟ್ ಬಾಯಲ್ಲಿ ಆಗಲೇ ನೂಡಲ್ ನೇತಾಡುತ್ತಿತ್ತು. ಲವೈನಕ್ಕನ ತಲೆ ಮಾತ್ರ ಬಾಗಿಯೇ ಇತ್ತು.

"ಈ ಕಪಿಯನ್ನ ಉಪ್ಪುನೀರಲ್ಲಿ ಮುಳುಗಿಸ್ರೋ," ಎಂದ ಡೆಲ್ಬರ್ಟ್.

ಲವೈನಕ್ಕ ನಿಧಾನವಾಗಿ ತಲೆ ಎತ್ತಿದರು. "ಈಗಷ್ಟೇ ನಿನ್ನ ಹೆಸರಿಗೆ ಬಂದಿದ್ದೆ, ಮರ್ಲಿನ್. ನೀನೇ ಕಟ್ ಮಾಡ್ದೆ."

ವಸಂತದಲ್ಲಿ ಅವರ ಗಂಟಲಲ್ಲಿ ಗಡ್ಡೆ ಕಂಡಿತು. ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುತ್ತದೆಂದು ಹೇಳಲಾಗದು ಎಂದರು ವೈದ್ಯರು. ವಾದ್ಯಗಳಿಲ್ಲದ ನಮ್ಮ ಸಭೆಯಲ್ಲಿ ಪ್ರತಿ ಹಾಡಿಗೂ ಮೊದಲ ಸ್ವರ ಎತ್ತಿಕೊಡುತ್ತಿದ್ದವರು ಅವರೇ. ಆಸ್ಪತ್ರೆಗೆ ಹೋಗುವ ಮುನ್ನ ನನ್ನ ಭುಜ ತಟ್ಟಿದರು. "ನಂಗೆ ಆಗದಿದ್ರೆ ಆ ಹ್ಞೂಂ ನಿಂದು. ನಕಲಿ ಆದ್ರೂ ಪರವಾಗಿಲ್ಲ, ಜನ ಹಸಿದಿರಬಾರ್ದು."

ಅವರು ಮರಳಿ ಬಂದಾಗ ಕತ್ತಿನಲ್ಲಿ ಕೆಂಪು ಗೆರೆಯಿತ್ತು. ದನಿ ಇರಲಿಲ್ಲ. ಭಾನುವಾರ ಈಗ ಬೇರೆಯವರು ಸ್ವರ ಎತ್ತುತ್ತಾರೆ, ಲವೈನಕ್ಕ ತುಟಿ ಆಡಿಸುತ್ತಾರೆ. ಏನು ಆಸೆ ಎಂದು ಕೇಳಿದರೆ, "ಒಂದೇ ಒಂದು ಸ್ವರ, ಸಾಯೋದ್ರೊಳಗೆ. ದೇವ್ರು ಕೊಡ್ಲಿಲ್ಲ ಅಂದ್ರೂ ಸರಿ, ಚಕ್ರ ಮಗುಚೋಕೆ ದನಿ ಯಾಕೆ," ಎನ್ನುತ್ತಾರೆ.

ಇನ್ನು ಮೇಜಿನ ಮಾನದ ಮಾತು. ಅವರು ಬಂದ ದಿನ ನಾನು ಎಂಥ 'ಹ್ಞೂಂ' ಹೊಡೆದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನಿಮಗೂ ಹೇಳಿದೆ. ನಡೆದದ್ದು ಬೇರೆ.

ಅಂದು ತಲೆಗಳು ಬಾಗಿದವು. ಲವೈನಕ್ಕ ನನ್ನತ್ತ ನೋಡಿ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ಆ ಕೆಂಪು ಗೆರೆ ಕಣ್ಣೊಳಗೇ ನಿಂತಿತು. ಅವರ ದನಿ ಕೊಡು, ಬೇಕಾದರೆ ನನ್ನದು ತಗೋ ಎಂದು ಯಾರಿಗೋ ಹೇಳತೊಡಗಿದೆ. ಯಾರಿಗೆಂದು ನನಗೇ ಆಮೇಲೆ ತಿಳಿಯಿತು. ಸೂಪಿನ ಹಬೆ ನಿಂತಿತು. ಡೆಲ್ಬರ್ಟನ ಹೊಟ್ಟೆ ಗುರ್ರೆಂದಿತು. ಹ್ಞೂಂ ಎನ್ನಬೇಕಾದವನು ನಾನು ಎಂಬುದೇ ಮರೆತುಹೋಗಿತ್ತು.

ಕೊನೆಗೆ ಯಾರೋ ಚಮಚದಿಂದ ಬಟ್ಟಲು ತಟ್ಟಿದರು. ಲವೈನಕ್ಕ.

"ಯಾರ ಹೆಸರಲ್ಲಿದ್ದೆಯೋ?" ಎಂದು ಪಿಸುಗುಟ್ಟಿದರು.

"ನಿಮ್ಮ ಹೆಸರಲ್ಲಿ."

"ಅಯ್ಯೋ, ನಾನೇ ಕಟ್ ಮಾಡ್ದೆ ನೋಡು," ಎಂದು ಬ್ರೆಡ್ಡಿನ ತಟ್ಟೆಯನ್ನು ನನ್ನತ್ತ ತಳ್ಳಿದರು.