ಕನ್ಯಾ ನೋಡಲು ಬಂದವರು ವೆಬ್‌ಸೈಟ್ ನೋಡಿದ್ದು

ಗಾಣಗಾಪುರದಲ್ಲಿ ಅಪ್ಪನದೊಂದು ಸಣ್ಣ ಲಾಡ್ಜ್ ಇತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳು. ಗುಲ್ಬರ್ಗಾದಲ್ಲಿ ಕಂಪ್ಯೂಟರ್ ಕಲಿತು ಬಂದ ನಾನು ಲಾಡ್ಜಿಗೊಂದು ವೆಬ್‌ಸೈಟ್ ಮಾಡಿದ್ದೆ. ಊರಿಗಿನ್ನೂ ಇಂಟರ್ನೆಟ್ ಬಂದಿರಲಿಲ್ಲ. ಲಾಡ್ಜಿನ ಕಂಪ್ಯೂಟರಿನಲ್ಲೇ ಬಂದವರಿಗೆಲ್ಲ ತೋರಿಸುತ್ತಿದ್ದೆ. ನೋಡಿದವರ ಕಣ್ಣು ಆಚೀಚೆ ಸರಿಯಬಾರದು ಎಂಬ ಹಟ ನನಗೆ. ಹಳದಿಯ ಮೇಲೆ ಕೆಂಪು ಅಕ್ಷರಗಳು ಓಡುತ್ತಿದ್ದವು, ಮೂಲೆಯಲ್ಲಿ ದೀಪ ಮಿಣುಕುತ್ತಿತ್ತು, ಬಾಗಿಲಿನ ಚಿತ್ರ ಒತ್ತಿದರೆ ಗಂಟೆ ಸದ್ದಾಗಿ ಒಳಗಿನ ಕೋಣೆ ಕಾಣುತ್ತಿತ್ತು. ಆಗ ಅದೇ ನನ್ನ ದೊಡ್ಡಸ್ತಿಕೆ.

ಅಫಜಲಪುರದ ಬಟ್ಟೆ ವ್ಯಾಪಾರಿಗಳ ಮನೆಯವರು ನನ್ನನ್ನು ನೋಡಲು ಬರುವವರಿದ್ದರು. ಹಿಂದಿನ ಸಂಬಂಧಗಳೆಲ್ಲ ನನ್ನ ಬಣ್ಣದ ಮಾತಿಗೇ ಮುರಿದಿದ್ದವು; ಇದಾದರೂ ಕೂಡಲಿ ಎಂದು ಅವ್ವ ಸೋಮವಾರದ ಉಪವಾಸ ಹಿಡಿದಿದ್ದಳು. ಅವರೋ ಹೇಳಿದ ಹೊತ್ತಿಗಿಂತ ಮೊದಲೇ ನೆಟ್ಟಗೆ ಲಾಡ್ಜಿಗೇ ಬಂದುಬಿಟ್ಟರು. ಅಪ್ಪ ಗಾಬರಿಬಿದ್ದು ಅವ್ವನಿಗೆ ಹೇಳಲು ಮನೆಗೆ ಓಡಿದ. ಹಳೇ ಚೂಡಿದಾರದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ನನ್ನನ್ನು ಅವರು ಪಗಾರಕ್ಕಿದ್ದ ಕೆಲಸದ ಹುಡುಗಿ ಎಂದುಕೊಂಡರು. ನಾನೇ ಕನ್ಯಾ ಎಂದು ಯಾವ ಬಾಯಿಂದ ಹೇಳಲಿ? ಸುಮ್ಮನೆ ವೆಬ್‌ಸೈಟ್ ತೋರಿಸಿದೆ.

ಅಬ್ಬಾ, ಹೇಗೆ ನೋಡಿದರು! ಹುಡುಗನ ತಾಯಿ ಕುರ್ಚಿ ಎಳೆದುಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು, "ಇನ್ನೊಮ್ಮೆ ಗಂಟಿ ಬಾರಸವಾ" ಎಂದಳು. ಹುಡುಗನೂ ಬಗ್ಗಿ, "ಇದನ್ನ ಹ್ಯಾಂಗ ಮಾಡಿದ್ರಿ?" ಎಂದು ಕೇಳಿದ. ನಾನು ಉಬ್ಬಿಹೋದೆ. ಆಗ ತಾಯಿ ನನ್ನ ಕಿವಿಯ ಹತ್ತಿರ ಬಂದು, "ಇವರ ಮಗಳು ಭಾಳ ಕರ್ರಗ ಅದಾಳಂತ, ಖರೆ ಏನವಾ? ನಿನ್ನಷ್ಟರೆ ಅದಾಳೇನು?" ಎಂದಳು.

"ನನ್ನಷ್ಟೇ ಅದಾಳ್ರಿ" ಎಂದೆ.

ಅಷ್ಟರಲ್ಲಿ ಅಪ್ಪ ಬಂದು, ಎದೆ ಉಬ್ಬಿಸಿ, "ಎಲ್ಲಾ ನಮ್ಮ ಮಗಳೇ ಮಾಡ್ಯಾಳ್ರಿ, ಇಕಿನೇ!" ಎಂದ. ತಾಯಿಯ ಕೈ ನನ್ನ ಹೆಗಲಿನಿಂದ ಜಾರಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಆಮೇಲೆ ಮನೆಯಲ್ಲಿ ಸೀರೆ ಉಟ್ಟು ಚುರುಮುರಿ ಸುಸಲಾದ ತಾಟು ಹಿಡಿದು ನಿಂತರೆ, ಒಬ್ಬರೂ ಮುಖ ಎತ್ತಿ ನೋಡಲಿಲ್ಲ.

ಹೊರಡುವಾಗ ತಾಯಿ ಅಪ್ಪನಿಗೆ, "ಸಂಬಂಧದ ಮಾತು ಇರಲಿ ಬಿಡ್ರಿ. ನಮ್ಮ ಬಟ್ಟಿ ಅಂಗಡಿಗೂ ಹಂತಾದೊಂದು ಮಾಡಿಕೊಡ್ತಾಳೇನು ಕೇಳ್ರಿ" ಎಂದಳು. ಬಾಗಿಲ ಮರೆಯಲ್ಲಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ತಲೆ ಬಗ್ಗಿಸಿದ. ನಾನು ಮಾತ್ರ, ನಾಚಿಕೆಗೇಡಿ, ಖುಷಿಯಿಂದ "ಮಾಡಿಕೊಡ್ತೇನ್ರಿ" ಎಂದುಬಿಟ್ಟೆ.