ಕೊನೆಯ ಕೋಣೆಯ ಕತ್ತರಿ ಮೇಡಂ

ಆ ತರಬೇತಿ ಶಾಲೆಯ ವರಾಂಡ ಬಲು ಉದ್ದ. ಮೊದಲು ಪ್ರಿನ್ಸಿಪಾಲರ ಕೋಣೆ, ಆಮೇಲೆ ಲೇತ್ ಹಾಲು, ವೆಲ್ಡಿಂಗ್ ಶೆಡ್ಡು, ಕರೆಂಟಿನ ವಿಭಾಗ, ಕಟ್ಟಕಡೆಗೆ ಹೊಲಿಗೆ ಕೋಣೆ. ಆ ಕಡೆಯ ಕೋಣೆಯ ಟೀಚರನ್ನು ಎಲ್ಲರೂ ಕತ್ತರಿ ಮೇಡಂ ಎನ್ನುತ್ತಿದ್ದರು. ಕೈಯಲ್ಲಿ ಸದಾ ಕತ್ತರಿ ಇರುತ್ತದಲ್ಲ, ಅದಕ್ಕೇ ಎಂದು ಎದುರಿಗೆ ಹೇಳುತ್ತಿದ್ದರು. ಬೆನ್ನ ಹಿಂದೆ ಹೇಳುತ್ತಿದ್ದ ಕಾರಣ ಬೇರೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮೇಡಂಗೆ ಮಾತೂ ಬರುತ್ತಿತ್ತು, ಜಗಳವೂ ಬರುತ್ತಿತ್ತು.

ಅವರು ಅದೇ ಶಾಲೆಯಲ್ಲಿ ಕಲಿತವರು. ಅಪ್ಪ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಮೆಷಿನ್ ನಡೆಸುತ್ತಿದ್ದರು. ರಜೆಯಲ್ಲಿ ಅಪ್ಪನಿಗೆ ಊಟದ ಡಬ್ಬಿ ಒಯ್ದ ಹುಡುಗಿ ಡಬ್ಬಿ ಕೊಟ್ಟು ವಾಪಸು ಬರುತ್ತಿರಲಿಲ್ಲ, ಮೆಷಿನ್ನಿನ ಪಕ್ಕದಲ್ಲೇ ನಿಂತಿರುತ್ತಿದ್ದಳು. ತಿರುಗುವ ಕಬ್ಬಿಣದಿಂದ ಸುರುಳಿ ಸುರುಳಿಯಾಗಿ ಸಿಪ್ಪೆ ಏಳುವುದನ್ನು ನೋಡುತ್ತಿದ್ದರೆ ಅವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. "ನಿನ್ನ ಕಣ್ಣಿಗೆ ಅಳತೆ ಗೊತ್ತಮ್ಮ," ಎಂದು ಅಪ್ಪ ಹೊಗಳುತ್ತಿದ್ದರು. ಆ ಹೊಗಳಿಕೆಯನ್ನು ನಂಬಿಕೊಂಡೇ ಹುಡುಗಿ ಶಾಲೆಗೆ ಸೇರುವ ದಿನ ಲೇತ್ ಬೇಕೆಂದಳು. ಆಗಿನ ಪ್ರಿನ್ಸಿಪಾಲರು ನಕ್ಕರು. ಹೆಣ್ಣುಮಕ್ಕಳಿಗೆ ಹೊಲಿಗೆ ಎಂದರು. ಹುಡುಗಿ ತಿರುಗಿ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡುತ್ತಿದ್ದರು.

ಕಾರ್ಖಾನೆಯಲ್ಲಿ ಮೇಸ್ತ್ರಿಗಳನ್ನೇ ಗದರಿಸುವ ಮನುಷ್ಯ ಅಂದು ಬಾಯಿ ಬಿಡಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಒಂದು ಒಳ್ಳೆಯ ಕತ್ತರಿ ಕೊಡಿಸಿದರು, ಮಗಳ ಸಮಾಧಾನಕ್ಕೆ. ಹುಡುಗಿ ಹೊಲಿಗೆ ಕಲಿತಳು, ಚೆನ್ನಾಗಿಯೇ ಕಲಿತಳು, ಮುಂದೆ ಅದೇ ಕೋಣೆಗೆ ಟೀಚರಾದಳು. ಹೊಲಿಗೆ ಕೀಳು ಎಂದು ಮೇಡಂ ಯಾವತ್ತೂ ಅಂದವರಲ್ಲ. ಹಾಗೆ ಅಂದವರ ಮೈಮೇಲಿನ ಅಂಗಿ ಬಿಚ್ಚಿಸಿ ಮನೆಗೆ ಕಳಿಸುವಷ್ಟು ಸಿಟ್ಟು ಅವರಿಗಿತ್ತು. ಕೀಳಾದದ್ದು ಹೊಲಿಗೆಯಲ್ಲ, ಕೇಳದೆ ಅದರೊಳಗೆ ತಳ್ಳಿದ್ದು ಎಂಬುದು ಅವರ ವಾದ.

ಆ ವರ್ಷ ಸೇರ್ಪಡೆ ಮುಗಿಯುವ ಹಿಂದಿನ ದಿನ, ಎಂದಿನಂತೆ ಹೊಸ ಹುಡುಗಿಯರು ಒಬ್ಬೊಬ್ಬರಾಗಿ ಕೊನೆಯ ಕೋಣೆಗೆ ಬಂದು ಕೂರುತ್ತಿದ್ದರು. ಹುಡುಗರಿಗೆ ಏನು ಬೇಕೆಂದು ಕೇಳಿ ಸಾಲು ಮಾಡಿಸುವುದು, ಹುಡುಗಿಯರಿಗೆ ಕೈ ನೀಡಿ ವರಾಂಡದ ತುದಿ ತೋರಿಸುವುದು, ಇದು ಅಲ್ಲಿನ ಪದ್ಧತಿ. ಒಬ್ಬಳು ಮಾತ್ರ ಬಂದವಳು ಕೂರಲಿಲ್ಲ. ಬಾಗಿಲ ಬಳಿ ನಿಂತೇ ಇದ್ದಳು. ಪೇಟೆಯಲ್ಲಿ ನೀರಿನ ಪಂಪ್ ರಿಪೇರಿ ಅಂಗಡಿ ಇಟ್ಟವರ ಮಗಳು. ಉಗುರ ಸಂದಿಯಲ್ಲಿ ಇನ್ನೂ ಗ್ರೀಸಿತ್ತು.

"ಯಾಕಮ್ಮ, ಕುರ್ಚಿಯಲ್ಲಿ ಮುಳ್ಳಿದೆಯಾ?"

"ಇಲ್ಲ ಮೇಡಂ. ನಾನು ಲೇತ್ ಕೇಳಿದ್ದೆ. ಇಲ್ಲಿ ಕೂತ್ರೆ ಇದನ್ನೇ ಕೇಳಿದ್ದು ಅಂತ ಆಗುತ್ತೆ."

ಆ ಕೋಣೆಯಲ್ಲಿ ಹಿಂದೆ ಕಣ್ಣೀರಿಟ್ಟ ಹುಡುಗಿಯರಿದ್ದರು, ಮುಖ ಊದಿಸಿಕೊಂಡವರಿದ್ದರು. ಕೂರುವುದಿಲ್ಲ ಅಂದವಳು ಇವಳೇ ಮೊದಲು. ಮೇಡಂ ಕತ್ತರಿ ಕೆಳಗಿಟ್ಟರು.

"ಲೇತ್ ಯಾಕೆ?"

"ಪಂಪಿನೊಳಗೆ ತಿರುಗೋ ಶಾಫ್ಟ್ ಸವೆದ್ರೆ ಅಪ್ಪ ಪೇಟೆಯ ಆ ತುದಿಗೆ ಹೋಗಿ ಇನ್ನೊಬ್ಬರ ಲೇತ್ ಮುಂದೆ ಕೈಕಟ್ಟಿ ಕಾಯ್ಬೇಕು. ನಾನೂ ಹೋಗಿ ಕಾದಿದೀನಿ. ಆ ಕೆಲಸ ನಾನೇ ಕಲಿತ್ರೆ ಯಾರ ಮುಂದೆ ಕಾಯ್ಬೇಕು ಹೇಳಿ?"

ಮೇಡಂ ಎದ್ದು ವರಾಂಡದ ಈ ತುದಿಯಿಂದ ಆ ತುದಿಗೆ, ಪ್ರಿನ್ಸಿಪಾಲರ ಕೋಣೆಗೆ ನಡೆದರು. ಅವರು ಹಾಗೆ ಬಿರಬಿರನೆ ನಡೆದರೆ ಜವಾನ ಸ್ಟೂಲು ಬಿಟ್ಟು ಏಳುತ್ತಿದ್ದ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಜಾತಿಯ ಮನುಷ್ಯ. ಅಂಥವರ ಕೈಯಲ್ಲಿ ಹಾವು ಚೆನ್ನಾಗಿ ಕೊಬ್ಬುತ್ತದೆ, ಅದು ಬೇರೆ ಮಾತು.

"ಹುಡುಗಿಯರಿಗೆ ಲೇತ್ ಇಲ್ಲ ಅಂತ ನಾನೆಲ್ಲಿ ಹೇಳಿದೀನಿ ಮೇಡಂ?" ಎಂದರು. "ಅಂಥ ನಿಯಮವೇ ಇಲ್ಲ."

ನಿಜ, ಅಂಥ ನಿಯಮ ಇರಲಿಲ್ಲ. ಇದ್ದದ್ದು ಎರಡು ಬೋರ್ಡು. ಗೇಟಿನ ಬಳಿಯದು ಹೇಳುತ್ತಿತ್ತು: ವಿದ್ಯಾರ್ಥಿನಿಯರು ಉದ್ದ ಸ್ಕರ್ಟು ಮತ್ತು ಸ್ಕಾರ್ಫು ಧರಿಸತಕ್ಕದ್ದು. ಲೇತ್ ಹಾಲಿನ ಬಾಗಿಲಿನದು ಹೇಳುತ್ತಿತ್ತು: ಸಡಿಲ ಬಟ್ಟೆ, ಸ್ಕಾರ್ಫು ಧರಿಸಿದವರಿಗೆ ಪ್ರವೇಶವಿಲ್ಲ. ಎರಡನ್ನೂ ಬರೆದವನು ಒಬ್ಬನೇ ಪೇಂಟರು, ಬಣ್ಣವೂ ಒಂದೇ. ಎರಡೂ ಬೋರ್ಡುಗಳ ನಡುವೆ ಅಷ್ಟು ವರ್ಷ ಒಬ್ಬ ಹುಡುಗಿಯೂ ನುಸುಳಿರಲಿಲ್ಲ. ಯಾರೂ ಬೇಡ ಅನ್ನದೆಯೇ ಬಾಗಿಲು ಮುಚ್ಚಿತ್ತು.

"ಹೋದ ತಿಂಗಳು ಶಾಲೆ ನೋಡಕ್ಕೆ ದೇಶವಿದೇಶದವರು ಬಂದಿದ್ರಲ್ಲ," ಎಂದು ಪ್ರಿನ್ಸಿಪಾಲರು ಮುಂದುವರಿಸಿದರು. "ಅಷ್ಟೊಂದು ಕಡೆ ಓಡಾಡಿ ಬಂದವರು, ಅರ್ಧಕ್ಕರ್ಧ ಹುಡುಗಿಯರಿರೋ ಶಾಲೆ ಅಪರೂಪ ಅಂತ ಹೊಗಳಿ ಹೋದ್ರು."

"ಅರ್ಧ ಹೌದು ಸಾರ್. ಒಂದೇ ಕೋಣೆಗೆ ತುರುಕಿದ ಅರ್ಧ. ಅವರು ಬಂದಾಗ ಕಟ್ಟಿದ 'ವಿದ್ಯೆಯಲ್ಲಿ ಎಲ್ಲರೂ ಸಮ' ಅನ್ನೋ ಬ್ಯಾನರ್ ಹೊಲಿದದ್ದೂ ನನ್ನ ಹುಡುಗಿಯರೇ. ಹುಡುಗರು ಮೆಷಿನ್ ತೋರಿಸಿದ್ರು, ಇವರು ಗುಂಡಿ ಹೊಲಿದು ತೋರಿಸಿದ್ರು. ನಾನು ಆವತ್ತೇ ಬಾಯಿ ತೆಗೀಬೇಕಿತ್ತು."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. ಬೋರ್ಡಿಗೆ ಒಪ್ಪುವ ಬಟ್ಟೆ ಇದ್ದರೆ, ಲೇತ್ ಮೇಷ್ಟ್ರು ಒಪ್ಪಿದರೆ, ಹುಡುಗಿಯ ಅಪ್ಪ ಖುದ್ದಾಗಿ ಬಂದು ಒಪ್ಪಿದರೆ ತಮ್ಮದೇನೂ ಅಡ್ಡಿಯಿಲ್ಲ ಎಂದರು. ನಾಳೆ ಸಂಜೆಯೊಳಗೆ. ಹುಡುಗರಾದರೆ ಅಪ್ಪಂದಿರ ಒಪ್ಪಿಗೆ ಯಾಕೆ ಬೇಡ ಎಂದು ಮೇಡಂ ಕೇಳಿದರು. ಪ್ರಿನ್ಸಿಪಾಲರು ಕನ್ನಡಕ ಮತ್ತೆ ಏರಿಸಿಕೊಂಡು ಕಡತ ಎಳೆದುಕೊಂಡರು.

ಸಂಜೆ ಮನೆಗೆ ಬಂದವರೇ ದಪ್ಪ ನೀಲಿ ಬಟ್ಟೆ ಹರಡಿಕೊಂಡು ಕೂತರು. ಅಂಗಿ, ಪ್ಯಾಂಟು ಒಂದೇ ಆಗಿರುವ ಓವರಾಲ್ ಹೊಲಿಯಬೇಕಿತ್ತು. ಗಂಡ ಅಂಚೆ ಹಂಚುವ ಕೆಲಸದವರು, ಕಾಲು ಚಾಚಿ ಕೂತು ಹೆಂಡತಿಯ ಮುಖ ನೋಡಿದರು.

"ಯಾರ ಮೇಲೆ ಸಿಟ್ಟು ಇವತ್ತು?"

"ನಮ್ಮ ಸಾಹೇಬರ ಮೇಲೆ."

"ಒಳ್ಳೇದಾಯ್ತು. ನಿನ್ನ ಸಿಟ್ಟು ನನಗೊಬ್ಬನಿಗೇ ಅಂದ್ಕೊಂಡಿದ್ದೆ." ಸ್ವಲ್ಪ ತಡೆದು ಕೇಳಿದರು, "ಕೆಲಸಕ್ಕೆ ಸಂಚಕಾರ ಬರುತ್ತಾ?"

"ಬರಬಹುದು."

"ಬಂದ್ರೆ ಬರಲಿ. ನನ್ನ ಎರಡು ಅಂಗಿ ಗುಂಡಿ ಹಾಕ್ದೆ ಬಿದ್ದಿವೆ, ಆಗಲಾದ್ರೂ ಪುರುಸೊತ್ತಾಗುತ್ತೆ."

ಮೇಡಂ ನಕ್ಕರು. ಬೇರೆ ಗಂಡಸಾಗಿದ್ದರೆ ಉಪದೇಶ ಮಾಡುತ್ತಿದ್ದ ಎಂದು ಅವರಿಗೆ ಗೊತ್ತಿತ್ತು, ಗಂಡನ ಮೇಲೆ ಪ್ರೀತಿ ಉಕ್ಕಿತು.

ಓವರಾಲ್ ತುಂಬ ಚೆಂದ ಬಂತು. ಉದ್ದ ತೋಳು, ಮಣಿಕಟ್ಟಿಗೆ ಗುಂಡಿಯ ಪಟ್ಟಿ, ಎದೆಗೂ ಸೊಂಟಕ್ಕೂ ಜೇಬು, ನಡು ಸರಿಯಾಗಿ ಕೂರಲೆಂದು ಹಿಂದಕ್ಕೆ ಕಟ್ಟುವ ಬೆಲ್ಟು. ಬೆಳಿಗ್ಗೆ ಹುಡುಗಿಗೆ ತೊಡಿಸಿ ಲೇತ್ ಹಾಲಿಗೆ ಕರೆದೊಯ್ದರು. ಲೇತ್ ಮೇಷ್ಟ್ರು ನಿವೃತ್ತಿಗೆ ಹತ್ತಿರವಾದವರು, ಮಿತಭಾಷಿ. ಹುಡುಗಿಯ ಸುತ್ತ ಒಮ್ಮೆ ತಿರುಗಿ ನೋಡಿದರು.

"ಸೊಗಸಾಗಿದೆ ಮೇಡಂ. ಮದುವೆಗೆ ಹಾಕ್ಕೊಂಡು ಹೋಗ್ಬಹುದು. ಮೆಷಿನ್ ಮುಂದೆ ನಿಲ್ಲಕ್ಕಾಗಲ್ಲ."

ಹುಡುಗರು ಗೊಳ್ಳೆಂದು ನಕ್ಕರು. ಮೇಷ್ಟ್ರು ನಗಲಿಲ್ಲ. ಬೆಲ್ಟಿನ ತುದಿ ತಿರುಗುವ ಚಕ್ರಕ್ಕೆ ಸಿಕ್ಕಿದರೆ ಹುಡುಗಿಯನ್ನೇ ಎಳೆದುಕೊಳ್ಳುತ್ತದೆ ಎಂದರು. ತೋಳಿನ ಪಟ್ಟಿಯೂ ಅಷ್ಟೆ, ಹೊರಗಿನ ಜೇಬೂ ಅಷ್ಟೆ. ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಮೇಡಂ ಮುಖ ಕೆಂಪಾಯಿತು. ಅಷ್ಟು ವರ್ಷ ಬಟ್ಟೆ ನೋಡಿದವರು ಮೈಗೆ ಒಪ್ಪುವುದನ್ನಷ್ಟೇ ಯೋಚಿಸಿದ್ದರು, ಮೆಷಿನ್ನಿಗೆ ಒಪ್ಪುವುದನ್ನು ಮರೆತಿದ್ದರು. ಅಪ್ಪನ ಪಕ್ಕ ಅಷ್ಟು ನಿಂತವಳಿಗೆ ಇದು ಹೊಳೆಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

ನಾಚಿಕೆಯಾಯಿತು ಎಂದು ವಾಪಸು ಹೋಗುವ ಹೆಂಗಸಲ್ಲ ಆಕೆ. ಹುಡುಗಿಗೆ ಓವರಾಲ್ ಬಿಚ್ಚಿ ತನ್ನ ಬಟ್ಟೆ ಹಾಕಿಕೊಂಡು ಬರಲು ಹೇಳಿದರು. ಬಂದ ಮೇಲೆ ಅದನ್ನು ಮೇಷ್ಟ್ರ ಮೇಜಿನ ಮೇಲೆ ಹರಡಿ ಸೀಮೆಸುಣ್ಣ ಅವರ ಕೈಗೆ ಕೊಟ್ಟರು.

"ಎಲ್ಲೆಲ್ಲಿ ಕತ್ತರಿಸ್ಬೇಕು, ಗೆರೆ ಹಾಕಿ."

"ಈಗಲೇನಾ?"

"ಸಂಜೆಗೆ ಬಾಗಿಲು ಮುಚ್ತಾರೆ ಮೇಷ್ಟ್ರೇ. ಹಾಕಿ."

ಮೇಷ್ಟ್ರು ಗೆರೆ ಹಾಕಿದರು, ಮೇಡಂ ಕತ್ತರಿಸಿದರು. ಬೆಲ್ಟು ಹೋಯಿತು. ತೋಳು ಮೊಣಕೈ ಮೇಲಕ್ಕೆ ಬಂತು. ಜೇಬುಗಳನ್ನು ಕಿತ್ತು ಒಳಮಗ್ಗುಲಿಗೆ ಹಾಕಿದರು. ರಾತ್ರಿ ಮಾಡಿದ ಚೆಂದವೆಲ್ಲ ಚೂರುಚೂರಾಗಿ ನೆಲಕ್ಕೆ ಬಿತ್ತು. ಹುಡುಗಿ ಅದನ್ನು ತೊಟ್ಟು, ಜಡೆಯನ್ನು ಟೋಪಿಯೊಳಗೆ ತುಂಬಿ ಬಂದು ನಿಂತಳು.

"ಇನ್ನೇನಾದ್ರೂ ಇದೆಯಾ?" ಎಂದು ಮೇಡಂ ಕೇಳಿದರು.

ಮೇಷ್ಟ್ರು ಮತ್ತೊಮ್ಮೆ ಸುತ್ತ ತಿರುಗಿ ನೋಡಿದರು. "ಇನ್ನೇನೂ ಇಲ್ಲ," ಎಂದರು.

"ಹಾಗಾದ್ರೆ ಈಗ ನಕ್ಕವರ ತೋಳು ನೋಡಿ," ಎಂದರು ಮೇಡಂ.

ನಕ್ಕ ಹುಡುಗರಲ್ಲಿ ಅರ್ಧ ಜನರ ಅಂಗಿಯ ತೋಳು ಮಣಿಕಟ್ಟಿನಲ್ಲಿ ಜೋತಾಡುತ್ತಿತ್ತು. ಮೇಷ್ಟ್ರು ಒಂದು ಸಲ ಗುಡುಗಿದರು. ಅಷ್ಟೂ ತೋಳುಗಳು ಮೇಲಕ್ಕೆ ಹೋದವು.

ಮಧ್ಯಾಹ್ನ, ಮೇಡಂ ಹುಡುಗಿಯ ಜೊತೆ ಪ್ರಿನ್ಸಿಪಾಲರ ಕೋಣೆಯಲ್ಲಿದ್ದಾಗ, ಅವಳ ಅಪ್ಪ ಬಂದರು. ಅಂಗಡಿಯಿಂದ ನೇರ ಬಂದಿದ್ದರು, ಕೈ ಒರೆಸಿಕೊಂಡ ಬಟ್ಟೆ ಹೆಗಲ ಮೇಲೇ ಇತ್ತು. ಪ್ರಿನ್ಸಿಪಾಲರು ಕುರ್ಚಿ ತೋರಿಸಿದರೂ ಕೂರಲಿಲ್ಲ. ಪ್ರಿನ್ಸಿಪಾಲರ ಮಾತು ಬೆಣ್ಣೆಯ ಹಾಗಿತ್ತು.

"ನೋಡಿ, ನಮ್ಮದೇನೂ ಬಲವಂತ ಇಲ್ಲ. ಕಬ್ಬಿಣದ ಕೆಲಸ. ನಾಳೆ ಕೈಗೆ ಬೆರಳಿಗೆ ಏನಾದ್ರೂ ಆದ್ರೆ ಹೆಣ್ಣುಮಗಳ ಗತಿಯೇನು? ನಾಲ್ಕು ಜನ ನಿಮ್ಮನ್ನೇ ಅಂತಾರೆ. ನೀವು ಬೇಡ ಅಂದ್ಬಿಡಿ, ಇಲ್ಲಿಗೇ ಮುಗೀತು."

ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದರು.

ಮೇಡಂಗೆ ತಾನು ಸೇರಿದ ದಿನ ನೆನಪಾಯಿತು. ಅದೇ ಕೋಣೆ, ಅದೇ ಮೇಜು, ಅದೇ ಮೌನ. ಬಟ್ಟೆಯನ್ನಾದರೆ ಕತ್ತರಿಸಿ ಸರಿಮಾಡಬಹುದು. ಗಂಡಸಿನ ಮೌನಕ್ಕೆ ಎಲ್ಲಿ ಗೆರೆ ಹಾಕುವುದು?

"ಅಣ್ಣಾ, ನೆಲದಲ್ಲಿ ಏನೂ ಬರೆದಿಲ್ಲ. ತಲೆ ಎತ್ತಿ," ಎಂದರು. "ನಮ್ಮಪ್ಪ ಇದೇ ಜಾಗದಲ್ಲಿ ನಿಂತು ನೆಲ ನೋಡಿದ್ರು. ಲೇತ್ ಸಿಗದೇ ಹೋಗಿದ್ದು ನನಗೆ ಮರೆತೇ ಹೋಯ್ತು. ಅವರು ಒಂದು ಮಾತೂ ಆಡ್ಲಿಲ್ವಲ್ಲ, ಅದು ಮರೆಯಕ್ಕಾಗ್ಲಿಲ್ಲ. ಅವರು ಸಾಯೋವರೆಗೂ ನಾನು ಕ್ಷಮಿಸ್ಲಿಲ್ಲ. ಬೇಡ ಅನ್ನೋದಾದ್ರೆ ಬೇಡ ಅನ್ನಿ, ಆದ್ರೆ ಅವಳ ಮುಖ ನೋಡಿ ಅನ್ನಿ."

"ಮೇಡಂ, ಇದು ಅವರ ಮನೆ ವಿಷಯ," ಎಂದರು ಪ್ರಿನ್ಸಿಪಾಲರು.

"ಮನೆ ವಿಷಯ ಆಗಿದ್ರೆ ಆಫೀಸಿಗೆ ಯಾಕೆ ಕರೆಸಿದ್ರಿ ಸಾರ್?"

ಪಂಪಿನವರು ನಿಧಾನಕ್ಕೆ ತಲೆ ಎತ್ತಿದರು. ಮಗಳನ್ನು ನೋಡಿದರು. ಆಮೇಲೆ ಎಡಗೈಯನ್ನು ಮೇಜಿನ ಮೇಲಿಟ್ಟರು. ಕಿರುಬೆರಳಿನ ತುದಿ ಇರಲಿಲ್ಲ.

"ಸಾರ್, ಇದು ಹೋಗಿ ಬಹಳ ಕಾಲವಾಯ್ತು. ಹೋದಾಗ ನನ್ನ ಯಾರೂ ಮನೇಲಿ ಕೂತ್ಕೋ, ಬಟ್ಟೆ ಹೊಲಿ ಅನ್ಲಿಲ್ಲ. ಇನ್ಮೇಲೆ ಹುಷಾರಾಗಿರು ಅಂದ್ರು, ಅಷ್ಟೇ." ಕೈ ಹಿಂದಕ್ಕೆ ತೆಗೆದುಕೊಂಡರು. "ನನ್ನ ಮಗಳಿಗೂ ಅಷ್ಟೇ ಹೇಳ್ತೀನಿ. ಅವಳಿಗೆ ಲೇತೇ ಬೇಕು. ಕೊಡಿ."

ಹುಡುಗಿ ಅಳಲಿಲ್ಲ. ಮೇಡಂ ಅತ್ತರು, ತಡೆಯಲಾಗದೆ, ಪ್ರಿನ್ಸಿಪಾಲರ ಎದುರಿಗೇ. ಕಣ್ಣೊರೆಸಿಕೊಳ್ಳುತ್ತಲೇ, ಸೇರ್ಪಡೆ ಅರ್ಜಿಯಲ್ಲಿ ರುಜು ಎಲ್ಲಿ ಹಾಕಬೇಕೆಂದು ಸಾಹೇಬರಿಗೆ ಬೆರಳಿಟ್ಟು ತೋರಿಸಿದರು.

ಅಪ್ಪ ಮಗಳು ಹೊರಗೆ ಹೋದ ಮೇಲೆ ಪ್ರಿನ್ಸಿಪಾಲರು ಪೆನ್ನಿನ ಕ್ಯಾಪು ಮುಚ್ಚಿದರು.

"ಆಯ್ತು ಮೇಡಂ, ನಿಮ್ಮ ಹಟ ಗೆದ್ದಿತು. ಒಂದು ಮಾತು ನೆನಪಿರಲಿ. ನಿಮ್ಮ ಕೋಣೆ ತುಂಬದಿದ್ರೆ ಮೇಲಿನವರು ಹೊಲಿಗೆ ವಿಭಾಗವನ್ನೇ ಮುಚ್ತಾರೆ. ವಿಭಾಗ ಹೋದ್ರೆ ನಿಮ್ಮ ಕೆಲಸವೂ ಹೋಗುತ್ತೆ. ಇವಳೊಬ್ಬಳಿಗೇ ನಿಲ್ಲಿಸಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ಗೊತ್ತು ಸಾರ್," ಎಂದು ಮೇಡಂ ಎದ್ದರು.

ವರಾಂಡ ಆವತ್ತು ಇನ್ನೂ ಉದ್ದವಾದಂತಿತ್ತು. ಗೇಟಿನ ಬಳಿ ಹೆಣ್ಣುಮಕ್ಕಳನ್ನು ಸೇರಿಸಲು ಬಂದ ಅಪ್ಪಂದಿರು ಕಾಯುತ್ತಿದ್ದರು, ಪಂಪಿನವರು ಅವರ ಜೊತೆ ನಿಂತಿದ್ದರು. ಭಯವಾಗಿತ್ತು, ಆಗಲಿಲ್ಲ ಎಂದರೆ ಸುಳ್ಳಾದೀತು. ಅಂಚೆಯವರ ಸಂಬಳವೊಂದರಲ್ಲೇ ಮನೆ ನಡೆಯಬೇಕಾದರೆ ಹೇಗೆ ಎಂದು ಲೇತ್ ಹಾಲು ದಾಟುವವರೆಗೂ ಯೋಚಿಸಿದರು. ಹೊಲಿಗೆ ಕೋಣೆಯ ಬಾಗಿಲಿಗೆ ಬಂದಾಗ ಒಳಗೆ ಹುಡುಗಿಯರು ಸಾಲಾಗಿ, ತಲೆ ತಗ್ಗಿಸಿ ಕೂತಿದ್ದರು. ಕೋಣೆ ತುಂಬಿತ್ತು. ಹಾಗೆ ತುಂಬಿದ್ದರಿಂದಲೇ ತನ್ನ ಅನ್ನ ನಡೆಯುತ್ತಿದೆ ಎಂದು ಮೇಡಂಗೆ ಅನ್ನಿಸಿತು, ಮೈಯೆಲ್ಲ ಉರಿಯಿತು.

"ಹೊಲಿಗೆಯೇ ಬೇಕು ಅಂತ ಕೇಳಿ ಬಂದವರು ಯಾರು? ಕೈ ಎತ್ತಿ."

ಆ ಕೋಣೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾಲ್ಕಾರು ಕೈ ಎದ್ದವು. "ನನಗೆ ಸ್ವಂತ ಅಂಗಡಿ ಹಾಕ್ಬೇಕು ಮೇಡಂ," ಎಂದಳು ಮುಂದಿನ ಸಾಲಿನವಳು.

"ನೀನು ಕೂತ್ಕೋ ಮಗಳೇ. ನಿನ್ನನ್ನ ಎಂಥ ದರ್ಜಿ ಮಾಡ್ತೀನಿ ಅಂದ್ರೆ, ಸಾಹೇಬರು ನಿನ್ನ ಬಾಗಿಲಿಗೆ ಪ್ಯಾಂಟು ಹಿಡ್ಕೊಂಡು ಬರ್ಬೇಕು. ಮಿಕ್ಕವರು? ಏನು ಬೇಕಿತ್ತು ನಿಮಗೆ?"

"ಕರೆಂಟ್ ಕೆಲಸ," ಎಂದಿತು ಒಂದು ಸಣ್ಣ ದನಿ. "ವೆಲ್ಡಿಂಗು," ಎಂದಿತು ಇನ್ನೊಂದು. ಕಿಟಕಿಯ ಬಳಿಯ ಹುಡುಗಿ, "ಗೊತ್ತಿಲ್ಲ ಮೇಡಂ, ಯಾರೂ ಕೇಳಿಲ್ಲ," ಎಂದಳು.

"ಗೊತ್ತಿಲ್ಲದವರೂ ಏಳಿ. ಒಂದೊಂದು ಹಾಲನ್ನೂ ನೋಡ್ಕೊಂಡು ಹೋಗೋಣ, ದಾರೀಲೇ ಗೊತ್ತಾಗುತ್ತೆ. ಸಂಜೆವರೆಗೂ ಬಾಗಿಲು ತೆರೆದಿರುತ್ತೆ. ನಡೀರಿ."

ಕುರ್ಚಿಗಳು ಕಿರುಗುಟ್ಟಿದವು. ಮೇಡಂ ಮುಂದೆ, ಹುಡುಗಿಯರು ಹಿಂದೆ. ಲೇತ್ ಹಾಲಿನ ಬಾಗಿಲಲ್ಲಿ ಹುಡುಗರು ಗುಂಪುಗೂಡಿ ನೋಡಿದರು, ಈ ಸಲ ಯಾರೂ ನಗಲಿಲ್ಲ. ಜವಾನ ಸ್ಟೂಲನ್ನೇ ಎತ್ತಿಕೊಂಡು ದಾರಿ ಬಿಟ್ಟ.

ಪ್ರಿನ್ಸಿಪಾಲರು ಆಗ ತಾನೇ ಟೀ ಬಾಯಿಗಿಟ್ಟಿದ್ದರು. ಬಾಗಿಲಲ್ಲಿ ಮೊದಲು ಮೇಡಂ ಕಂಡರು, ಆಮೇಲೆ ಒಂದು ತಲೆ, ಅದರ ಹಿಂದೆ ಇನ್ನೊಂದು, ವರಾಂಡದುದ್ದಕ್ಕೂ ತಲೆಗಳು. ಲೋಟ ಮೆಲ್ಲಗೆ ಕೆಳಗಿಳಿಯಿತು.

"ಇವರೆಲ್ಲರ ಅಪ್ಪಂದಿರು ಒಪ್ಪಬೇಕಲ್ಲ ಮೇಡಂ?"

"ಗೇಟಿನ ಹತ್ತಿರ ಇದ್ದಾರೆ ಸಾರ್, ಪಂಪಿನವರು ಮಾತಾಡಿಸ್ತಾ ಇದ್ದಾರೆ. ಮೊದಲು ನೀವು ಇವರನ್ನ ಕೇಳಿ."